ಎಲೆಕ್ಟ್ರಿಕ್ ಸೈಕಲ್ಲಿಗೆ ಕ್ರೂಸ್ ಕಂಟ್ರೋಲ್: ಹಿಡಿಸುವುದು ಸುಲಭ, ಬಿಡಿಸುವುದೇ ಕೆಲಸ

ನನ್ನ ಸೈಕಲ್ಲು 36 ವೋಲ್ಟಿನದು. ಹಿಂದಿನ ಚಕ್ರದಲ್ಲಿ ಹಬ್ ಮೋಟಾರ್, ಬಲಗಡೆ ಹೆಬ್ಬೆರಳಿನಿಂದ ಒತ್ತುವ ಥ್ರಾಟಲ್. ನೇರ ರಸ್ತೆಯಲ್ಲಿ ಅದನ್ನು ಒಂದೇ ಮಟ್ಟಕ್ಕೆ ಒತ್ತಿ ಹಿಡಿದು ಹೋದರೆ ಹೆಬ್ಬೆರಳಿನ ಬುಡ ಜೋಮು ಹಿಡಿಯುತ್ತದೆ. ಅದಕ್ಕೇ ಕ್ರೂಸ್ ಕಂಟ್ರೋಲ್, ಅಂದರೆ ಬೆರಳು ತೆಗೆದರೂ ವೇಗ ಹಿಡಿದಿಡುವ ಏರ್ಪಾಡು, ಹಾಕಲು ಹೊರಟೆ. ವೇಗ ಹಿಡಿದಿಡುವ ಭಾಗ ಬೇಗನೆ ಮುಗಿಯಿತು. ಬೇಕೆಂದಾಗ ಅದು ಬಿಟ್ಟೇ ಬಿಡುವಂತೆ ಮಾಡುವುದರಲ್ಲೇ ಹೆಚ್ಚು ಹೊತ್ತು ಹೋಯಿತು.

ಮೊದಲು ಕಂಟ್ರೋಲರನ್ನೇ, ಅಂದರೆ ಥ್ರಾಟಲ್ ನೋಡಿಕೊಂಡು ಮೋಟಾರಿಗೆ ಕರೆಂಟ್ ಹರಿಸುವ ಡಬ್ಬಿಯನ್ನೇ, ಬಿಚ್ಚಿ ನೋಡಿ. ಎಷ್ಟೋ ಕಂಟ್ರೋಲರುಗಳಲ್ಲಿ ಕ್ರೂಸ್‌ಗೆಂದೇ ಎರಡು ವೈರು ಹೊರಗೆ ಬಂದಿರುತ್ತವೆ. ಕೆಲವದರಲ್ಲಿ ಅವೆರಡನ್ನೂ ಸೇರಿಸಿಟ್ಟರೆ, ಥ್ರಾಟಲ್ಲನ್ನು ಕೆಲವು ಸೆಕೆಂಡು ಅಲುಗಿಸದೆ ಹಿಡಿದಾಗ ವೇಗ ತಾನಾಗಿ ಲಾಕ್ ಆಗುತ್ತದೆ. ಇನ್ನು ಕೆಲವಕ್ಕೆ ಪುಶ್ ಬಟನ್ ಬೇಕು. ಮೇಲಿನ ಸ್ಟಿಕ್ಕರಿನಲ್ಲಿ ಯಾವ ಬಣ್ಣ ಯಾವುದಕ್ಕೆ ಎಂದು ಬರೆದಿದ್ದರೆ ನಿಮ್ಮ ಕೆಲಸ ಅಲ್ಲಿಗೇ ಮುಗಿದ ಹಾಗೆ. ಬರೆದಿಲ್ಲವೆಂದರೆ ಗುರುತಿಲ್ಲದ ವೈರುಗಳನ್ನು ಸುಮ್ಮನೆ ಮುಟ್ಟಿಸಿ ನೋಡಬೇಡಿ. ಪಕ್ಕದಲ್ಲೇ ಇರುವ ತೆಳ್ಳಗಿನ ಕೆಂಪು ವೈರು ಬೀಗದ ಕೀಲಿಯದಾಗಿರಬಹುದು, ಅದರಲ್ಲಿ ಬ್ಯಾಟರಿಯ ಪೂರ್ತಿ ವೋಲ್ಟೇಜ್ ಇರುತ್ತದೆ. ತುಂಬಿದ 36 ವೋಲ್ಟಿನ ಬ್ಯಾಟರಿಯಲ್ಲಿ ಅದು 42 ವೋಲ್ಟ್. 5 ವೋಲ್ಟಿನ ಲೈನಿಗೆ ತಾಗಿದರೆ ಕಂಟ್ರೋಲರ್ ಸುಟ್ಟಂತೆಯೇ.

ನನ್ನದರಲ್ಲಿ ಆ ವೈರುಗಳಿರಲಿಲ್ಲ. ಹಾಗಾಗಿ ಥ್ರಾಟಲ್ ಮತ್ತು ಕಂಟ್ರೋಲರಿನ ನಡುವೆ ಆರ್ಡುಯಿನೋ ನ್ಯಾನೋ ಎಂಬ, ಪ್ರೋಗ್ರಾಮು ಬರೆದು ನಡೆಸುವ ಪುಟ್ಟ ಬೋರ್ಡೊಂದನ್ನು ಕೂರಿಸಿದೆ. ಥ್ರಾಟಲ್ಲಿನಿಂದ ಬರುವುದು ಮೂರೇ ವೈರು: 5 ವೋಲ್ಟ್, ಗ್ರೌಂಡ್, ಸಿಗ್ನಲ್. ಒಳಗಿರುವುದು ಆಯಸ್ಕಾಂತ ಎಷ್ಟು ಹತ್ತಿರ ಬಂತೆಂದು ವೋಲ್ಟೇಜಿನಲ್ಲಿ ಹೇಳುವ ಹಾಲ್ ಸೆನ್ಸರ್. ಮಲ್ಟಿಮೀಟರ್ ಹಿಡಿದು ನೋಡಿದರೆ ಕೈ ಬಿಟ್ಟಾಗ ಸಿಗ್ನಲ್ಲಿನಲ್ಲಿ 0.85 ವೋಲ್ಟ್, ಪೂರ್ತಿ ಒತ್ತಿದಾಗ 3.6 ವೋಲ್ಟಿನ ಆಸುಪಾಸು. ಒಂದು ವೋಲ್ಟ್ ದಾಟಿದ ಮೇಲಷ್ಟೇ ಮೋಟಾರ್ ತಿರುಗಲು ಶುರು. ನ್ಯಾನೋ ಈ ವೋಲ್ಟೇಜನ್ನು ಓದಿ, ಅಷ್ಟನ್ನೇ ಕಂಟ್ರೋಲರಿಗೆ ದಾಟಿಸುತ್ತಿರುತ್ತದೆ. ಬಟನ್ ಒತ್ತಿದ ಗಳಿಗೆಯಲ್ಲಿ ಇದ್ದ ವೋಲ್ಟೇಜನ್ನು ನೆನಪಿಟ್ಟುಕೊಂಡು, ಹೆಬ್ಬೆರಳು ತೆಗೆದರೂ ಅದನ್ನೇ ಕೊಡುತ್ತಾ ಹೋಗುತ್ತದೆ. ಇಷ್ಟೇ ಕ್ರೂಸ್.

ಔಟ್‌ಪುಟ್ಟಿಗೆ ಎಂಸಿಪಿ4725 ಡಿಎಸಿ (ಅಂಕಿಯನ್ನು ವೋಲ್ಟೇಜಾಗಿಸುವ ಚಿಪ್ಪು) ಹಾಕಬಹುದಿತ್ತು, ಹಲವರು ಅದನ್ನೇ ಹೇಳುತ್ತಾರೆ. ನನಗೆ ಅದು ಹಿಡಿಸಲಿಲ್ಲ. ಹೊಸ ಚಿಪ್ಪಿನ ನೆನಪಿನಲ್ಲಿ ಕಾರ್ಖಾನೆಯಿಂದಲೇ ನಡುಮಟ್ಟದ ಮೌಲ್ಯ ಕೂತಿರುತ್ತದೆ. ಅಂದರೆ ಕರೆಂಟ್ ಬಂದ ಕೂಡಲೇ 2.5 ವೋಲ್ಟ್, ಅರ್ಧ ಥ್ರಾಟಲ್! ಅದನ್ನು ಬದಲಿಸಿಡಬಹುದು, ಸರಿ. ಆದರೆ ನ್ಯಾನೋ ನಡುವೆ ಸ್ತಬ್ಧವಾದರೆ ಡಿಎಸಿ ಕೊನೆಯ ಮೌಲ್ಯವನ್ನೇ ಹಿಡಿದುಕೊಂಡು ಕೂರುತ್ತದೆ. ಬದಲಿಗೆ ನ್ಯಾನೋದ 9ನೇ ಪಿನ್ನಿನ ಪಿಡಬ್ಲ್ಯುಎಂ ಅನ್ನು (ಬಿಡದೆ ಆನ್-ಆಫ್ ಆಗುವ ಸಿಗ್ನಲ್) ಸುಮಾರು 31 ಕಿಲೋಹರ್ಟ್ಸ್‌ಗೆ ಏರಿಸಿ, 1 ಕಿಲೋ ಓಮ್ ರೆಸಿಸ್ಟರ್ ಮತ್ತು 10 ಮೈಕ್ರೋಫ್ಯಾರಡ್ ಕೆಪಾಸಿಟರಿನಿಂದ ಸೋಸಿ ಒಂದೇ ಸಮನಾದ ವೋಲ್ಟೇಜ್ ಮಾಡಿದೆ. ಕೆಪಾಸಿಟರಿನಿಂದ ಗ್ರೌಂಡಿಗೆ ಇನ್ನೊಂದು 10 ಕಿಲೋ ಓಮ್. ಪ್ರೋಗ್ರಾಮು ಸಿಕ್ಕಿಕೊಂಡರೆ ವಾಚ್‌ಡಾಗ್ ಟೈಮರ್ ನ್ಯಾನೋವನ್ನು ರೀಸೆಟ್ ಮಾಡುತ್ತದೆ. ರೀಸೆಟ್ ಆದಾಗ ಪಿನ್ನು ಕೈಬಿಡುತ್ತದೆ, ಕೆಪಾಸಿಟರಿನಲ್ಲಿದ್ದದ್ದು ಆ 10 ಕಿಲೋ ಓಮ್ ಮೂಲಕ ಕ್ಷಣದಲ್ಲಿ ಬಸಿದುಹೋಗುತ್ತದೆ, ಮೋಟಾರ್ ಸುಮ್ಮನಾಗುತ್ತದೆ. ಈ ಎರಡು ರೆಸಿಸ್ಟರ್ ಸೇರಿ ವೋಲ್ಟೇಜನ್ನು ಹನ್ನೊಂದರಲ್ಲಿ ಒಂದು ಪಾಲು ಇಳಿಸುತ್ತವೆ. ಪ್ರೋಗ್ರಾಮಿನಲ್ಲಿ ಅಷ್ಟನ್ನು ಏರಿಸಿಕೊಟ್ಟೆ. ಕಂಟ್ರೋಲರಿಗೆ ಜೋಡಿಸಿದ ಮೇಲೆಯೇ ಅಳೆದು ನೋಡಬೇಕು, ಅದರ ಒಳಗಿನ ರೆಸಿಸ್ಟರುಗಳೂ ಇನ್ನಷ್ಟು ಎಳೆಯುತ್ತವೆ.

ಈಗ ಬ್ರೇಕಿನ ಮಾತು. ಬ್ರೇಕ್ ಲಿವರಿನಲ್ಲಿ ಒಂದು ಸಣ್ಣ ಸ್ವಿಚ್ ಇರುತ್ತದೆ, ಎಳೆದ ಕೂಡಲೇ ಅದು ಕಂಟ್ರೋಲರಿನ ಬ್ರೇಕ್ ಲೈನನ್ನು ಗ್ರೌಂಡಿಗೆ ಸೇರಿಸಿ ಮೋಟಾರ್ ನಿಲ್ಲಿಸುತ್ತದೆ. ಹೇಗೂ ಕಂಟ್ರೋಲರ್ ನಿಲ್ಲಿಸುತ್ತದಲ್ಲ, ಇನ್ನೇನು ಬೇಕು ಅನ್ನಿಸಬಹುದು. ಟ್ರಾಫಿಕ್ ಸಿಗ್ನಲ್ ಹತ್ತಿರ ಕ್ರೂಸಿನಲ್ಲಿ ಬರುತ್ತಿದ್ದೀರಿ, ಬ್ರೇಕ್ ಹಿಡಿದು ನಿಂತಿರಿ. ನ್ಯಾನೋಗೆ ಈ ವಿಷಯವೇ ಗೊತ್ತಿಲ್ಲ, ಅದು ಎರಡೂವರೆ ವೋಲ್ಟ್ ಕೊಡುತ್ತಲೇ ಇದೆ. ಲಿವರ್ ಬಿಟ್ಟ ಮರುಕ್ಷಣ ಸೈಕಲ್ಲು ಮುಂದಿನವರ ಮೇಲೆ ನುಗ್ಗುತ್ತದೆ. ಆದ್ದರಿಂದ ಬ್ರೇಕ್ ಲೈನನ್ನು ಕಂಟ್ರೋಲರಿಗೆ ಇದ್ದಂತೆಯೇ ಬಿಟ್ಟು, ಅದರಿಂದ ಒಂದು ಕವಲು ತೆಗೆದು ನ್ಯಾನೋಗೂ ಕೊಟ್ಟೆ. ನಡುವೆ ಕರೆಂಟನ್ನು ಒಂದೇ ಕಡೆಗೆ ಬಿಡುವ 1ಎನ್4148 ಡಯೋಡ್ ಇದೆ, ಅದರ ಗೆರೆ ಇರುವ ತುದಿ ಬ್ರೇಕ್ ಲೈನಿನ ಕಡೆಗೆ. ಆ ಲೈನಿನಲ್ಲಿ 5 ವೋಲ್ಟಿಗಿಂತ ಹೆಚ್ಚಿದ್ದರೂ ನ್ಯಾನೋಗೆ ಏಟು ಬೀಳುವುದಿಲ್ಲ. ಬ್ರೇಕ್ ಒಮ್ಮೆ ತಾಗಿದರೆ ಸಾಕು, ಹಿಡಿದಿಟ್ಟ ಮೌಲ್ಯ ಅಳಿಸಿಹೋಗಬೇಕು. ಮತ್ತೆ ಬಟನ್ ಒತ್ತುವವರೆಗೆ ಬರಬಾರದು.

ಬಿಡಿಸುವ ಬೇರೆ ದಾರಿಗಳೂ ಇವೆ. ಬಟನ್ ಇನ್ನೊಮ್ಮೆ ಒತ್ತಿದರೆ ಬಿಡುತ್ತದೆ. ಕ್ರೂಸ್ ಹಿಡಿದ ಮೇಲೆ ಥ್ರಾಟಲ್ ಒಮ್ಮೆ ಪೂರ್ತಿ ಹಿಂದಕ್ಕೆ ಬಂದು, ಆಮೇಲೆ ಸ್ವಲ್ಪ ಒತ್ತಿದರೂ ಬಿಡುತ್ತದೆ. ಕಾರಿನಲ್ಲಿ ವೇಗ ಹೆಚ್ಚಿಸಿ ಕಾಲು ತೆಗೆದರೆ ಹಳೆಯ ವೇಗಕ್ಕೆ ಮರಳುತ್ತದಲ್ಲ, ಆ ಏರ್ಪಾಡು ಸೈಕಲ್ಲಿಗೆ ಬೇಡವೆಂದು ಬಿಟ್ಟೆ. ಬೆರಳಿಟ್ಟರೆ ಹಿಡಿತ ನನ್ನದು, ಅಷ್ಟು ಸಾಕು. ಸಿಗ್ನಲ್ 1.6 ವೋಲ್ಟಿಗಿಂತ ಕೆಳಗಿದ್ದರೆ ಕ್ರೂಸ್ ಹಿಡಿಯುವುದೇ ಇಲ್ಲ. ಥ್ರಾಟಲ್ಲಿನ ಗ್ರೌಂಡ್ ವೈರು ಕಿತ್ತುಹೋದರೆ ಸಿಗ್ನಲ್ 5 ವೋಲ್ಟಿನತ್ತ ಏರುತ್ತದೆ. ಅದಕ್ಕಾಗಿ 4.3 ಮೀರಿದ ಯಾವ ಓದನ್ನೂ ನ್ಯಾನೋ ಸೊನ್ನೆ ಎಂದೇ ಲೆಕ್ಕ ಹಾಕುತ್ತದೆ. ಸಿಗ್ನಲ್ ವೈರೇ ಕಿತ್ತರೆ ಎಂದು ಇನ್‌ಪುಟ್ ಪಿನ್ನಿನಿಂದ ಗ್ರೌಂಡಿಗೆ 100 ಕಿಲೋ ಓಮ್.

ಒಂದು ಮಿತಿ ಹೇಳಲೇಬೇಕು. ಇದು ಹಿಡಿದಿಡುವುದು ಥ್ರಾಟಲ್ಲನ್ನು, ವೇಗವನ್ನಲ್ಲ. ಎರಡೂ ಒಂದೇ ಆಗುವುದು ಕಂಟ್ರೋಲರ್ ಯಾವ ಬಗೆಯದು ಎಂಬುದರ ಮೇಲೆ. ಹಿಂದಿನ ಚಕ್ರ ಎತ್ತಿ ಥ್ರಾಟಲ್ ಸ್ವಲ್ಪವೇ ಒತ್ತಿ. ಚಕ್ರ ನಿಧಾನವಾಗಿ ಒಂದೇ ಸಮ ತಿರುಗಿದರೆ ಥ್ರಾಟಲ್ ವೇಗವನ್ನು ತೀರ್ಮಾನಿಸುತ್ತಿದೆ. ಅಷ್ಟಕ್ಕೇ ಏರುತ್ತಾ ಏರುತ್ತಾ ಪೂರ್ತಿ ವೇಗಕ್ಕೆ ಹೋದರೆ ಅದು ತೀರ್ಮಾನಿಸುತ್ತಿರುವುದು ಎಳೆತದ ಬಲವನ್ನು. ನನ್ನದು ಮೊದಲ ಬಗೆ. ಏರಿನಲ್ಲಿ ತುಸು ಕುಗ್ಗುತ್ತದೆ, ಬ್ಯಾಟರಿ ಇಳಿದಂತೆ ವೇಗವೂ ಇಳಿಯುತ್ತದೆ, ನನಗೆ ಅಡ್ಡಿಯಿಲ್ಲ. ಎರಡನೆಯ ಬಗೆಯಾದರೆ ಏರಿನಲ್ಲಿ ಸೋತು ಇಳಿಜಾರಿನಲ್ಲಿ ಓಡುತ್ತದೆ. ಅಂಥವರು ಚಕ್ರದ ವೇಗ ಓದಿ ಸರಿಪಡಿಸುವ ಪ್ರೋಗ್ರಾಮು ಬರೆಯಬೇಕು. ಸುತ್ತು ಎಣಿಸಲು ಚಕ್ರದ ಕಡ್ಡಿಗೆ ಒಂದೇ ಆಯಸ್ಕಾಂತ ಕಟ್ಟಿದರೆ ಸಾಲದು. 26 ಇಂಚಿನ ಚಕ್ರ 20 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಮೂರು ಸುತ್ತೂ ಸುತ್ತುವುದಿಲ್ಲ. ಐದಾರು ಆಯಸ್ಕಾಂತ ಬೇಕು.

ರಸ್ತೆಗಿಳಿಯುವ ಮುಂಚೆ ಚಕ್ರ ಎತ್ತಿಟ್ಟೇ ಎಲ್ಲವನ್ನೂ ನೋಡಿದೆ. ಕ್ರೂಸ್ ಹಿಡಿಸಿ ಬ್ರೇಕ್ ಎಳೆದು ಬಿಟ್ಟೆ, ಚಕ್ರ ಮತ್ತೆ ತಿರುಗಬಾರದು. ಎಡದ ಲಿವರಿನಿಂದ ಒಮ್ಮೆ, ಬಲದ್ದರಿಂದ ಒಮ್ಮೆ. ಕ್ರೂಸಿನಲ್ಲಿರುವಾಗಲೇ ಥ್ರಾಟಲ್ಲಿನ ಕನೆಕ್ಟರ್ ಕಿತ್ತೆ, ನ್ಯಾನೋದ ರೀಸೆಟ್ ಗುಂಡಿ ಒತ್ತಿದೆ. ಬೋರ್ಡು ಕೈಕೊಟ್ಟರೆ ಮನೆ ಸೇರಲು, ಥ್ರಾಟಲ್ಲನ್ನು ನೇರ ಕಂಟ್ರೋಲರಿಗೆ ಕೊಡುವ ಒಂದು ಚೇಂಜ್‌ಓವರ್ ಸ್ವಿಚ್ಚನ್ನೂ ಡಬ್ಬಿಯ ಒಳಗೆ ಇಟ್ಟಿದ್ದೇನೆ. ಡಬ್ಬಿಯ ವೈರುಗಳೆಲ್ಲ ಕೆಳಮುಖವಾಗಿ ಹೊರಬರುತ್ತವೆ, ಮಳೆ ನೀರು ವೈರು ಹಿಡಿದು ಒಳಗಿಳಿಯಬಾರದಲ್ಲ.

ಬಟನ್ ಎಡಗಡೆ ಇದೆ, ಹಾರ್ನಿನಿಂದ ದೂರ. ಬ್ರೇಕ್ ಲಿವರನ್ನು ಬೆರಳಗಲ ಎಳೆಯುವುದರೊಳಗೇ, ಪ್ಯಾಡು ಕಚ್ಚುವ ಮುಂಚೆಯೇ, ಒಳಗಿನ ಸ್ವಿಚ್ ತಾಗಬೇಕು. ಕೇಬಲ್ ಬಿಗಿ ಮಾಡಿದಾಗಲೆಲ್ಲ ಅದನ್ನು ಮಲ್ಟಿಮೀಟರ್ ಹಿಡಿದು ಮತ್ತೆ ನೋಡುತ್ತೇನೆ.