ಒಂದೇ ಗಾಡಿಯ ಬೇಸಿಗೆ: ನನ್ನ ಅನುಭವ

ಅನುದಾನ ಕಡಿಮೆಯಾದಾಗ ಅಗ್ನಿಶಾಮಕ ಠಾಣೆಯಲ್ಲಿ ಸಂಬಳಕ್ಕೆ ಕತ್ತರಿ ಬೀಳುವುದಿಲ್ಲ. ಬೀಳುವುದು ಡೀಸೆಲ್, ಟೈರು, ಗಾಡಿ ರಿಪೇರಿ, ಹೋಸ್ ಪೈಪು, ಗಮ್‌ಬೂಟುಗಳ ಬಾಬ್ತಿಗೆ. ಜೊತೆಗೆ ನಿವೃತ್ತರಾದವರ ಜಾಗ ಖಾಲಿ ಉಳಿಯುತ್ತದೆ. ಹೊರಗಿನಿಂದ ನೋಡಿದವರಿಗೆ ಏನೂ ಬದಲಾದಂತೆ ಕಾಣುವುದಿಲ್ಲ. ಬೋರ್ಡು ಇದೆ, ಕೆಂಪು ಗಾಡಿ ಇದೆ, ಖಾಕಿ ತೊಟ್ಟ ಹುಡುಗರಿದ್ದಾರೆ. ಕೊರತೆ ಗೊತ್ತಾಗುವುದು ಒಟ್ಟಿಗೆ ಎರಡು ಕರೆ ಬಂದಾಗ. ಮಂಡ್ಯ ಸೀಮೆಯಲ್ಲಿ ಠಾಣಾಧಿಕಾರಿಯಾಗಿ ಕೆಲಸ ಮಾಡಿದ ನಾನು ಅಂಥ ಕಾಲವನ್ನು ಹೇಗೆ ದಾಟಿಸಿದೆ ಎಂದು ಬರೆಯುತ್ತಿದ್ದೇನೆ. ಈಗ ಠಾಣೆಗಳನ್ನು ನಡೆಸುತ್ತಿರುವವರಿಗೆ ಇದರಲ್ಲಿ ಒಂದೆರಡಾದರೂ ಉಪಯೋಗಕ್ಕೆ ಬರಲಿ.

2023ರ ಏಪ್ರಿಲ್ 1ರಿಂದ 15 ವರ್ಷ ಮೀರಿದ ಸರ್ಕಾರಿ ವಾಹನಗಳ ನೋಂದಣಿ ರದ್ದಾಗುವ ಕೇಂದ್ರದ ನಿಯಮ ಜಾರಿಗೆ ಬಂತು. ದಿನವೂ ಊರೂರು ತಿರುಗುವ ಜೀಪಿಗೂ, ಓಡಿದ್ದಕ್ಕಿಂತ ಶೆಡ್ಡಿನಲ್ಲಿ ನಿಂತಿದ್ದೇ ಹೆಚ್ಚಾದ ಫೈರ್ ಇಂಜಿನ್ನಿಗೂ ಒಂದೇ ಲೆಕ್ಕ. ನಮ್ಮ ಎರಡು ಗಾಡಿಗಳಲ್ಲಿ ಒಂದು ಮೂಲೆ ಸೇರಿತು. ಆ ವರ್ಷವೇ ಮುಂಗಾರು ಕೈಕೊಟ್ಟಿತು, ಕೆಆರ್‌ಎಸ್ ಅಣೆಕಟ್ಟೆ ಭರ್ತಿ ಮಟ್ಟವಾದ 124.80 ಅಡಿ ಮುಟ್ಟಲೇ ಇಲ್ಲ. ಮುಂದಿನ ಬೇಸಿಗೆಗೆ ನಾಲೆಯಲ್ಲಿ ನೀರಿಲ್ಲ, ಕಬ್ಬಿನ ತರಗು ಒಣಗಿ ಗರಿಗರಿ, ಹುಲ್ಲಿಗೆ ಎಲ್ಲಿಲ್ಲದ ಬೆಲೆ. ಅಂಥ ವರ್ಷದಲ್ಲಿ ಒಂದು ಮೆದೆ ಸುಟ್ಟರೆ ಆ ಮನೆಯವರು ಹಸು ಮಾರಬೇಕಾಗುತ್ತದೆ.

ಮೊದಲು ಕೈಹಾಕಿದ್ದು ನೀರಿನ ಲೆಕ್ಕಕ್ಕೆ. ಗಾಡಿಯ ಟ್ಯಾಂಕಿನಲ್ಲಿ ಹಿಡಿಯುವುದು 4500 ಲೀಟರ್. ಹೋಸ್ ತುದಿಗೆ 20 ಮಿಲಿಮೀಟರ್ ಬಾಯಿಯ ನಾಝಲ್ ಹಾಕಿ 5 ಬಾರ್ ಒತ್ತಡ ಕೊಟ್ಟರೆ ನಿಮಿಷಕ್ಕೆ ಸುಮಾರು 600 ಲೀಟರ್ ಹೋಗುತ್ತದೆ. ಅಂದರೆ ಏಳೆಂಟು ನಿಮಿಷದಲ್ಲಿ ಟ್ಯಾಂಕು ಬರಿದು. ಎರಡನೇ ಗಾಡಿ ಹಿಂದೆ ಬರುತ್ತಿದ್ದ ಕಾಲಕ್ಕೆ ಅದು ನಡೆಯುತ್ತಿತ್ತು. ಒಂದೇ ಗಾಡಿ ಆದ ಮೇಲೆ ಹುಲ್ಲು, ತರಗಿನ ಬೆಂಕಿಗೆ 12 ಮಿಲಿಮೀಟರಿನ ನಾಝಲ್ಲನ್ನೇ ಹಾಕಿಸಿದೆ. ಒತ್ತಡವನ್ನೂ ಇಳಿಸಿದರೆ ನಿಮಿಷಕ್ಕೆ 200 ಲೀಟರಿನೊಳಗೆ ಕೆಲಸ ಆಗುತ್ತದೆ. ಇಪ್ಪತ್ತು ನಿಮಿಷಕ್ಕೂ ಹೆಚ್ಚು ಹೊತ್ತು ಕೈಯಲ್ಲಿ ನೀರಿರುತ್ತದೆ. ಹುಡುಗರಿಗೆ ಇದು ಸುಲಭಕ್ಕೆ ಒಗ್ಗಲಿಲ್ಲ. ದಪ್ಪ ಧಾರೆ ಹೊಡೆದರೆ ಸುತ್ತ ನಿಂತ ಜನಕ್ಕೂ ಸಮಾಧಾನ. ಆದರೆ ಹತ್ತಿಕೊಂಡ ಮೆದೆಗೆ ಎಷ್ಟು ನೀರು ಸುರಿದರೂ ಮೇಲೆ ನೆನೆಯುತ್ತದೆ, ಒಳಗೆ ಕೆಂಡ ಹಾಗೇ ಇರುತ್ತದೆ. ಪಕ್ಕದ ಮೆದೆಯನ್ನೂ ಕೊಟ್ಟಿಗೆಯ ಸೂರನ್ನೂ ಮೊದಲು ನೆನೆಸಿಕೊಂಡು, ಆಮೇಲೆ ಜೆಸಿಬಿಯಿಂದ ಮೆದೆ ಕೆದರಿಸಿ, ಹೊರಬಂದ ಕೆಂಡಕ್ಕಷ್ಟೇ ನೀರು ಹಾಕಬೇಕು. ಹಾಗಾಗಿ ಊರಿನಿಂದ "ಸಾ, ಮೆದೆ ಹತ್ಕಂಡದೆ, ಬಿರ್ನೆ ಬನ್ನಿ" ಎಂದು ಕರೆ ಬಂದರೆ, ನಾವು ಹೊರಡುತ್ತಲೇ "ಜೆಸಿಬಿಯವರಿಗೆ ಹೇಳಿ ಅಣ್ಣ, ಲೈನ್‌ಮನ್ನಿಗೂ ಒಂದು ಫೋನ್ ಮಾಡಿ" ಎನ್ನುವುದನ್ನು ರೂಢಿ ಮಾಡಿಕೊಂಡೆವು.

ಇಲ್ಲೊಂದು ತೊಡಕಿದೆ. ಲೈನ್‌ಮನ್ ಬಂದು ಕರೆಂಟು ತೆಗೆದರೆ ಬೋರ್‌ವೆಲ್ ಕೂಡ ನಿಲ್ಲುತ್ತದೆ. ಬೋರಿದೆ ಎಂಬ ಧೈರ್ಯದ ಮೇಲೆ ಟ್ಯಾಂಕು ಖಾಲಿ ಮಾಡಿಕೊಳ್ಳುವಂತಿಲ್ಲ. ಅದಕ್ಕೇ ಜನವರಿಯಲ್ಲೇ ಪ್ರತಿ ಊರಿನ ನಿಂತ ನೀರು ಎಲ್ಲೆಲ್ಲಿದೆ ಎಂದು ಬರೆಸಿದೆ. ಪಂಚಾಯಿತಿಯ ಓವರ್‌ಹೆಡ್ ಟ್ಯಾಂಕು, ಕಲ್ಯಾಣ ಮಂಟಪದ ಸಂಪು, ಆಲೆಮನೆಯ ತೊಟ್ಟಿ, ನೀರುಳಿದ ಕಟ್ಟೆ. ಎದುರಿಗೆ ಊರಿಗೆ ನೀರು ಬಿಡುವ ನೀರುಗಂಟಿಯ ಫೋನ್ ನಂಬರು. ಗಾಡಿ ದಡಕ್ಕೆ ಹೋಗಿ ನಿಲ್ಲಲು ಜಾಗ ಇದೆಯೇ, ನೀರು ಎಷ್ಟು ಕೆಳಗಿದೆ ಎಂಬುದನ್ನೂ ಬರೆಸಿದೆ, ಯಾಕೆಂದರೆ ನೀರು ಏಳು ಮೀಟರಿಗಿಂತ ಕೆಳಗಿದ್ದರೆ ನಮ್ಮ ಪಂಪು ಎಳೆಯುವುದು ಕಷ್ಟ. ಇದಕ್ಕೆ ತಗುಲಿದ ಖರ್ಚು ಒಂದು ನೋಟ್‌ಬುಕ್ಕು. ಆದರೆ ಆ ಬೇಸಿಗೆಯಲ್ಲಿ ಎರಡನೇ ಗಾಡಿಯ ಕೆಲಸ ಮಾಡಿದ್ದು ನೀರುಗಂಟಿಗಳು. ನಾವು ಊರು ಮುಟ್ಟುವ ಹೊತ್ತಿಗೆ ವಾಲ್ವ್ ಹತ್ತಿರ ಬಂದು ನಿಂತಿರುತ್ತಿದ್ದರು. ಅವರಿಗೆ ಯಾರೂ ಅದಕ್ಕೆಂದು ಒಂದು ರೂಪಾಯಿ ಕೊಟ್ಟಿಲ್ಲ. ಈ ಮಾತನ್ನು ನಾನು ಎಲ್ಲಿ ಹೋದರೂ ಹೇಳುತ್ತೇನೆ.

ಹೊಸ ಹೋಸ್ ಪೈಪು ಬರಲಿಲ್ಲ. ಸಣ್ಣ ತೂತುಗಳಿಗೆ ಪಂಕ್ಚರ್ ಅಂಗಡಿಯಲ್ಲಿ ಪ್ಯಾಚ್ ಹಾಕಿಸಿದೆವು. ನಡುವೆ ಸೀಳಿದ್ದನ್ನು ಅಲ್ಲಿಗೇ ಕತ್ತರಿಸಿ, ಕಪ್ಲಿಂಗ್ ಕೂರಿಸಿ, ತಂತಿ ಬಿಗಿದು ಗಿಡ್ಡ ಪೈಪು ಮಾಡಿಕೊಂಡೆವು. ಗಲ್ಲಿಗಳಲ್ಲಿ ಗಿಡ್ಡ ಪೈಪೇ ಅನುಕೂಲ.

ಡೀಸೆಲ್ ಉಳಿಸಿದ್ದು ಮಾತ್ರ ಫೋನಿನಲ್ಲಿ. ಮೈಸೂರು–ಬೆಂಗಳೂರು ಹೆದ್ದಾರಿಗೆ ಎರಡೂ ಕಡೆ ಬೇಲಿ ಆದ ಮೇಲೆ ತಪ್ಪು ಬದಿಗೆ ಹತ್ತಿದರೆ ಕಿಲೋಮೀಟರುಗಟ್ಟಲೆ ಹೋಗಿ ತಿರುಗಿಕೊಂಡು ಬರಬೇಕು. ಕಾರಿನೊಳಗೆ ಸಿಕ್ಕಿಕೊಂಡವರಿಗೆ ಆ ಸಮಯ ಇರುವುದಿಲ್ಲ. ಕರೆ ತೆಗೆದುಕೊಳ್ಳುವವರಿಗೆ ನಾನು ಕಲಿಸಿದ ಮೊದಲ ಪ್ರಶ್ನೆ: "ಮುಖ ಮೈಸೂರು ಕಡೆಗೋ, ಬೆಂಗಳೂರು ಕಡೆಗೋ?" ಎರಡನೆಯದು: "ಮೇನ್ ರೋಡೋ, ಸರ್ವಿಸ್ ರೋಡೋ?" ಗಾಬರಿಯಲ್ಲಿದ್ದವರಿಗೆ ಊರಿನ ಹೆಸರು ಹೊಳೆಯದಿರಬಹುದು, ಆದರೆ ತಾವು ಯಾವ ಕಡೆ ಹೊರಟಿದ್ದೆವು ಎನ್ನುವುದು ಗೊತ್ತಿರುತ್ತದೆ. ನೀವು 112ಕ್ಕೆ ಕರೆ ಮಾಡಿದಾಗಲೂ ಯಾರೂ ಕೇಳುವ ಮೊದಲೇ ಇವೆರಡನ್ನು ಹೇಳಿಬಿಡಿ.

ಇಷ್ಟೆಲ್ಲ ಕಡಿತದ ನಡುವೆಯೂ ಬೆಳಗಿನ ಡ್ರಿಲ್ಲನ್ನು ಒಂದು ದಿನಕ್ಕೂ ಬಿಡಿಸಲಿಲ್ಲ. ಪಂಪು ಓಡಿಸಿ ನೋಡಲು ಡೀಸೆಲ್ ಬೇಕು, ಅದನ್ನು ಉಳಿಸೋಣ ಎಂದು ಮೇಲಿನಿಂದಲೂ ಕೆಳಗಿನಿಂದಲೂ ಮಾತು ಬಂತು. ನಾನು ಒಪ್ಪಲಿಲ್ಲ. ಇರುವುದೊಂದೇ ಗಾಡಿ, ಅದು ಸ್ಥಳದಲ್ಲಿ ಕೈಕೊಟ್ಟರೆ ಊರಿಗೆ ಬೇರೆ ದಿಕ್ಕಿಲ್ಲ.

ಆಳಿನ ಕೊರತೆಗೆ ಮಾತ್ರ ನನಗೆ ಯಾವ ದಾರಿಯೂ ಸಿಗಲಿಲ್ಲ. ಚಾಲಕ ಪಂಪು ಬಿಟ್ಟು ಬರುವಂತಿಲ್ಲ. ಒತ್ತಡವಿರುವ ಹೋಸ್ ಹಿಡಿಯಲು ಇಬ್ಬರು ಬೇಕು. ಹೊಗೆ ತುಂಬಿದ ಮನೆಯೊಳಗೆ ಒಬ್ಬನನ್ನೇ ಕಳಿಸುವಂತಿಲ್ಲ, ಜೋಡಿಯಾಗಿಯೇ ಹೋಗಬೇಕು. ನಾಲ್ವರೇ ಹೊರಟ ದಿನ ಬೆಂಕಿ ನಂದಿಸುವುದೋ, ಒಳಗಿರುವವರನ್ನು ತರುವುದೋ ಎಂದು ಬಾಗಿಲಲ್ಲಿ ನಿಂತು ಆರಿಸಬೇಕಾಗುತ್ತದೆ. ಅಗ್ನಿಶಾಮಕ ಸೇವೆಗಳ ವಿಸ್ತರಣೆಗೆಂದು ಕೇಂದ್ರ 2023ರಲ್ಲಿ 5000 ಕೋಟಿ ರೂಪಾಯಿಯ ಯೋಜನೆ ತಂದಿದೆ. ನಮ್ಮಂಥ ರಾಜ್ಯಗಳು ಶೇ. 25ರಷ್ಟು ಪಾಲು ಹಾಕಬೇಕು. ಗಾಡಿ, ಸಲಕರಣೆ ಬರಲಿ, ಬೇಕು. ಗಾಡಿಯೊಂದಿಗೆ ಅದನ್ನೇರುವ ಹುಡುಗರ ನೇಮಕಾತಿ ಆದೇಶವೂ ಠಾಣೆಗೆ ಬರಬೇಕು ಎಂಬುದು ನನ್ನ ಬೇಡಿಕೆ.