ಕೂಗದ ಕುಕ್ಕರಿಗೆ ಟೈಮರ್ ಇಡುವುದು

ಕರೆಂಟ್ ಪ್ರೆಷರ್ ಕುಕ್ಕರ್ ನಮ್ಮ ಮನೆಗೆ ಬಂದು ಆರು ವರ್ಷವಾಯಿತು. ಅದಕ್ಕೂ ಮೊದಲು ಮೂವತ್ತೈದು ವರ್ಷ ಗ್ಯಾಸ್ ಒಲೆ, ಅಲ್ಯೂಮಿನಿಯಂ ಕುಕ್ಕರ್. ಕೂಗು ಎಣಿಸಿಯೇ ಅಡುಗೆ ಮಾಡಿದವಳು ನಾನು. ಅನ್ನಕ್ಕೆ ಮೂರು ಕೂಗು, ತೊಗರಿಬೇಳೆಗೆ ನಾಲ್ಕು, ನೆನೆಸಿದ ಕಡಲೆಕಾಳಿಗೆ ಆರೇಳು. ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದರೂ ಕಿವಿ ಅಡುಗೆಮನೆಯಲ್ಲೇ ಇರುತ್ತಿತ್ತು. ಈ ಹೊಸ ಕುಕ್ಕರ್ ಕೂಗುವುದಿಲ್ಲ. ಮುಂದೆ ಒಂದಷ್ಟು ಬಟನ್, ಪುಟ್ಟ ಡಿಸ್‌ಪ್ಲೇ, ಅದರಲ್ಲಿ ಅಂಕಿ. ಆ ಅಂಕಿಯನ್ನು ತಪ್ಪಾಗಿ ತಿಳಿದುಕೊಂಡರೆ ಬೇಳೆ ಬೇಯದೆ ಉಳಿಯಬಹುದು, ಕೈ ಸುಡಬಹುದು, ಹೊಟ್ಟೆಯೂ ಕೆಡಬಹುದು. ನಮ್ಮ ಮನೆಯಲ್ಲಿ ಮೊದಲೆರಡೂ ಆಗಿವೆ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಕುಕ್ಕರ್ ತಂದ ಹೊಸದರಲ್ಲಿ ಒಂದು ಬೆಳಿಗ್ಗೆ ಸೊಸೆ ಎರಡು ಲೋಟ ಬೇಳೆ ತೊಳೆದು ಹಾಕಿ ಎಂಟು ನಿಮಿಷಕ್ಕೆ ಟೈಮರ್ ಇಟ್ಟಳು. "ಅತ್ತೆ, ನಾನು ಸ್ನಾನ ಮಾಡಿ ಬರೋಷ್ಟರಲ್ಲಿ ಬೆಂದಿರುತ್ತೆ" ಅಂದಳು. ಸ್ನಾನ ಮುಗಿಸಿ ಬಂದು ನೋಡಿದರೆ ಎಣಿಕೆ ಇನ್ನೂ ಶುರುವೇ ಆಗಿರಲಿಲ್ಲ. ಕೆಟ್ಟಿದೆಯೇನೋ ಅಂದುಕೊಂಡಳು. ಮಗುವಿಗೆ ಯೂನಿಫಾರ್ಮ್ ಹಾಕುವ ಹೊತ್ತಿಗೆ ಅಂಕಿ ಇಳಿಯತೊಡಗಿತು. ಅತ್ತ ಸ್ಕೂಲ್ ವ್ಯಾನ್ ಬರುವ ಹೊತ್ತು. ಬೀಪ್ ಅಂದದ್ದೇ ತಡ, ಬೆರಳಿನಿಂದಲೇ ಆವಿ ಬಿಡುವ ವಾಲ್ವ್ ತಿರುಗಿಸಿಬಿಟ್ಟಳು. ಬರೀ ಆವಿ ಬರಲಿಲ್ಲ. ಹಳದಿ ಬೇಳೆನೀರು ನೊರೆನೊರೆಯಾಗಿ ಚಿಮ್ಮಿ ಮೇಲಿನ ಕಪಾಟಿನ ಬಾಗಿಲಿಗೆ ಬಡಿಯಿತು, ಉಳಿದದ್ದು ಅವಳ ಮುಂಗೈ ಮೇಲೆ ಬಿತ್ತು. ನಲ್ಲಿಯ ಕೆಳಗೆ ಇಪ್ಪತ್ತು ನಿಮಿಷ ಕೈ ಹಿಡಿಸಿದೆ. ಎರಡು ಸಣ್ಣ ಗುಳ್ಳೆ ಎದ್ದವು, ಅಷ್ಟಕ್ಕೇ ನಿಂತಿತು. ಸುಟ್ಟ ಜಾಗಕ್ಕೆ ಟೂತ್‌ಪೇಸ್ಟ್, ಇಂಕು, ತುಪ್ಪ ಅಂತ ಏನನ್ನೂ ಹಚ್ಚಬೇಡಿ. ಮೊದಲು ಹರಿಯುವ ತಣ್ಣೀರು. ಸುಟ್ಟದ್ದು ಜಾಸ್ತಿ ಇದ್ದರೆ ಡಾಕ್ಟರ ಹತ್ತಿರ ಹೋಗಬೇಕು.

ಅವತ್ತು ಅವಳಿಗೆ ಗೊತ್ತಿಲ್ಲದ್ದು ಇಷ್ಟೇ. ಎಂಟು ನಿಮಿಷ ಎಂದರೆ ಬಟನ್ ಒತ್ತಿದಾಗಿನಿಂದ ಎಂಟು ನಿಮಿಷವಲ್ಲ. ಒಳಗೆ ನೀರು ಕುದಿದು, ಆವಿ ತುಂಬಿ, ಪ್ರೆಷರ್ ಏರಿದ ಮೇಲೆ ಎಂಟು ನಿಮಿಷ. ಏರುವುದಕ್ಕೇ ಹತ್ತು ಹನ್ನೆರಡು ನಿಮಿಷ ಬೇಕು. ಪಾತ್ರೆ ತುಂಬಾ ಇದ್ದರೆ, ಫ್ರಿಜ್ಜಿನ ನೀರು ಹಾಕಿದ್ದರೆ ಇನ್ನೂ ಜಾಸ್ತಿ. ಬೆಂದಾದ ಮೇಲೆ ಪ್ರೆಷರ್ ತಾನಾಗಿ ಇಳಿಯುವುದಕ್ಕೆ ಮತ್ತೆ ಹತ್ತು ಹದಿನೈದು ನಿಮಿಷ. ಅಲ್ಲಿಗೆ ಎಂಟು ನಿಮಿಷದ ಬೇಳೆಗೆ ಅರ್ಧ ಗಂಟೆಗಿಂತ ಹೆಚ್ಚೇ ಆಯಿತು, ಅಲ್ವಾ? ಏಳೂವರೆಗೆ ಸಾರು ಬೇಕಿದ್ದರೆ ಆರೂಮುಕ್ಕಾಲಿಗೇ ಕುಕ್ಕರ್ ಇಡಬೇಕು. ಈ ಲೆಕ್ಕ ಮನಸ್ಸಿನಲ್ಲಿದ್ದರೆ ಅವಸರ ಇರುವುದಿಲ್ಲ. ಅವಸರದಲ್ಲೇ ಕೈ ಸುಡುವುದು.

ಬೇಳೆ, ಅನ್ನ, ಪಾಯಸ, ಗಂಜಿ, ಹೀಗೆ ನೊರೆ ಬರುವ, ಗಂಜಿ ಬಿಡುವ ಯಾವುದಕ್ಕೂ ವಾಲ್ವ್ ತಿರುಗಿಸಿ ಆವಿ ಬಿಡಬೇಡಿ. ತಾನಾಗಿ ಇಳಿಯಲಿ. ಆಲೂಗೆಡ್ಡೆ, ಗೆಣಸು ಬೇಯಿಸಿದಾಗ ಬೇಕಿದ್ದರೆ ಬಿಡಬಹುದು. ಆಗಲೂ ಉದ್ದ ಹಿಡಿಯ ಸೌಟಿನಿಂದ ತಳ್ಳಿ, ಮುಖ ಪಕ್ಕಕ್ಕಿರಲಿ, ವಾಲ್ವ್ ಮೇಲೆ ಬಟ್ಟೆ ಮುಚ್ಚಬೇಡಿ. ಮುಚ್ಚಳದಲ್ಲಿ ಒಂದು ಪುಟ್ಟ ಪಿನ್ ಇರುತ್ತದೆ. ಪ್ರೆಷರ್ ಇರುವಾಗ ಮೇಲೆ ನಿಂತಿರುತ್ತದೆ, ಇಲ್ಲದಾಗ ಕೆಳಗೆ ಇಳಿಯುತ್ತದೆ. ಬೀಪ್ ಆಯಿತು ಅಂತ ಮುಚ್ಚಳಕ್ಕೆ ಕೈ ಹಾಕಬೇಡಿ, ಪಿನ್ ಇಳಿದಿದೆಯಾ ನೋಡಿ. ಇಳಿಯದೆ ಮುಚ್ಚಳ ತಿರುಗಿಸಲು ಬಲ ಹಾಕಲೇಬಾರದು. ತೆಗೆಯುವಾಗಲೂ ಮುಚ್ಚಳವನ್ನು ನಿಮ್ಮಿಂದ ಆಚೆಗೆ ವಾಲಿಸಿ ಎತ್ತಿ. ಉಳಿದ ಬಿಸಿ ಆವಿ ಆ ಕಡೆ ಹೋಗುತ್ತದೆ.

ಇಪ್ಪತ್ತು ಇಪ್ಪತ್ತೈದು ನಿಮಿಷವಾದರೂ ಎಣಿಕೆ ಶುರುವಾಗಲೇ ಇಲ್ಲ ಅಂದರೆ ಪ್ರೆಷರ್ ಎಲ್ಲೋ ಸೋರುತ್ತಿದೆ ಎಂದು ತಿಳಿಯಿರಿ. ಮೇಲಿನ ವಾಲ್ವ್ ಆವಿ ಬಿಡುವ ಕಡೆಗೇ ಉಳಿದಿರುತ್ತದೆ, ಇಲ್ಲವೇ ಗ್ಯಾಸ್ಕೆಟ್ ಸರಿಯಾಗಿ ಕೂತಿರುವುದಿಲ್ಲ. ಮುಚ್ಚಳವನ್ನು ಕೈಯಿಂದ ಅದುಮಿ ಸರಿಮಾಡಲು ಹೋಗಬೇಡಿ. ಆಫ್ ಮಾಡಿ, ಪ್ಲಗ್ ತೆಗೆದು, ಆರಿದ ಮೇಲೆ ಮುಚ್ಚಳ ತೆಗೆದು ನೋಡಿ. ಗ್ಯಾಸ್ಕೆಟ್‌ಗೆ ಒಂದು ಅಗುಳು ಅಂಟಿಕೊಂಡಿದ್ದರೂ ಸಾಕು, ಸೋರುತ್ತದೆ. ಇಷ್ಟು ಹೊತ್ತಿನಲ್ಲಿ ನೀರೂ ಆರಿರುತ್ತದೆ. ಮತ್ತೆ ಇಡುವ ಮೊದಲು ಒಂದು ಲೋಟ ನೀರು ಸೇರಿಸಿ, ಇಲ್ಲದಿದ್ದರೆ ತಳ ಹಿಡಿಯುತ್ತದೆ.

ಇನ್ನೊಂದು ಟೈಮರ್ ಇದೆ. ಅದನ್ನು 'ಡಿಲೇ' ಎಂದೋ 'ಪ್ರಿಸೆಟ್' ಎಂದೋ ಬರೆದಿರುತ್ತಾರೆ. ರಾತ್ರಿ ಎಲ್ಲ ಹಾಕಿಟ್ಟು ಮಲಗಿದರೆ ಬೆಳಿಗ್ಗೆ ತಾನಾಗಿ ಬೇಯುವ ಏರ್ಪಾಡು. ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳಿಗೆ ಇದರ ಮೇಲೇ ಆಸೆ, ಅದು ಸಹಜವೇ. ಆದರೆ ನನಗೆ ಭಯವಿರುವುದೂ ಇದರ ಮೇಲೆಯೇ.

ಮೊದಲು ಒಂದು ಸಣ್ಣ ವಿಷಯ. ಕೆಲವು ಕುಕ್ಕರಿನಲ್ಲಿ ಆರು ಗಂಟೆ ಇಟ್ಟರೆ ಆರು ಗಂಟೆಯ ನಂತರ ಬೇಯಲು ಶುರು. ಇನ್ನು ಕೆಲವಲ್ಲಿ ಆರು ಗಂಟೆಯ ಹೊತ್ತಿಗೆ ಅಡುಗೆ ಮುಗಿದಿರುತ್ತದೆ. ನಿಮ್ಮದು ಯಾವುದು ಎಂದು ಮ್ಯಾನ್ಯುಯಲ್ ನೋಡಿ. ಅರ್ಥವಾಗದಿದ್ದರೆ ಒಂದು ಭಾನುವಾರ ಎರಡು ಲೋಟ ಬರೀ ನೀರು ಹಾಕಿ, ಒಂದು ಗಂಟೆಯ ಡಿಲೇ ಇಟ್ಟು, ಪಕ್ಕದಲ್ಲಿ ಕೂತು ನೋಡಿ. ಹಾಗೇ ಅಂಕಿ ಗಂಟೆಯೋ ನಿಮಿಷವೋ ಅನ್ನುವುದನ್ನೂ ಗಮನಿಸಿ. ನಡುವಿನ ಎರಡು ಚುಕ್ಕಿಯ ಎಡಕ್ಕೆ ಗಂಟೆ, ಬಲಕ್ಕೆ ನಿಮಿಷ ಇರುವುದೇ ಹೆಚ್ಚು.

ಈಗ ಮುಖ್ಯ ಮಾತು. ಡಿಲೇ ಇಟ್ಟಷ್ಟು ಹೊತ್ತೂ ಕುಕ್ಕರ್ ಬರೀ ಪಾತ್ರೆ. ಅದು ಬಿಸಿಯೂ ಮಾಡುತ್ತಿಲ್ಲ, ತಣ್ಣಗೂ ಇಡುತ್ತಿಲ್ಲ. ಸುಮಾರು 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆಯುತ್ತವೆ. ನಮ್ಮ ಅಡುಗೆಮನೆ ವರ್ಷವಿಡೀ ಅದರ ನಡುವೆಯೇ ಇರುತ್ತದೆ. ಹಾಲು, ಮೊಸರು, ಮಾಂಸ, ಮೀನು, ಮೊಟ್ಟೆ, ರುಬ್ಬಿದ ತೆಂಗಿನಕಾಯಿ ಮಸಾಲೆ, ಹೆಚ್ಚಿದ ತರಕಾರಿ, ನಿನ್ನೆಯ ಸಾಂಬಾರು, ಇವನ್ನು ಡಿಲೇಗೆ ಇಡಲೇಬೇಡಿ. "ಹೇಗಿದ್ರೂ ಆಮೇಲೆ ಬೇಯುತ್ತಲ್ಲ, ಕ್ರಿಮಿ ಸಾಯುತ್ತೆ ಬಿಡಿ" ಎಂದು ನನ್ನ ನಾದಿನಿ ವಾದ ಮಾಡುತ್ತಾಳೆ. ಕ್ರಿಮಿ ಸಾಯಬಹುದು. ಆದರೆ ಕೆಲವು ಕ್ರಿಮಿ ಅಷ್ಟರಲ್ಲಿ ಬಿಟ್ಟ ವಿಷ ಕುದಿಸಿದರೂ ಹೋಗುವುದಿಲ್ಲ.

ಬೇಳೆ, ಕಾಳು ಪರವಾಗಿಲ್ಲವಾ ಎಂದು ಕೇಳುತ್ತೀರಿ. ನಾನೂ ಹಾಗೇ ಅಂದುಕೊಂಡಿದ್ದೆ. ಒಂದು ಏಪ್ರಿಲ್‌ನಲ್ಲಿ ಮೊಮ್ಮಗಳ ಪರೀಕ್ಷೆ, ಬೆಳಿಗ್ಗೆ ಬೇಗ ತಿಂಡಿ ಆಗಬೇಕು ಅಂತ ರಾತ್ರಿ ಹತ್ತಕ್ಕೇ ಹೆಸರುಬೇಳೆ, ಅಕ್ಕಿ ತೊಳೆದು ಪೊಂಗಲ್‌ಗೆ ಇಟ್ಟೆ. ಏಳು ಗಂಟೆಯ ಡಿಲೇ. ಬೆಳಗಿನ ಜಾವ ಎದ್ದು ನೋಡಿದರೆ ಡಿಸ್‌ಪ್ಲೇ ಸುಮ್ನೆ ಮಿಣುಕುತ್ತಿತ್ತು. ರಾತ್ರಿ ಯಾವಾಗಲೋ ಕರೆಂಟ್ ಹೋಗಿ ಬಂದಿದೆ, ಟೈಮರ್ ಅಳಿಸಿಹೋಗಿದೆ. ಮುಚ್ಚಳ ತೆಗೆದೆ. ಮೇಲೆ ಸಣ್ಣ ಸಣ್ಣ ಗುಳ್ಳೆಯ ನೊರೆ. ಬೆರಳಲ್ಲಿ ಮುಟ್ಟಿದರೆ ಲೋಳೆ ಲೋಳೆ. ದೋಸೆ ಹಿಟ್ಟು ಹುಳಿ ಬರುವಾಗ ಬರುತ್ತದಲ್ಲ, ಅದೇ ವಾಸನೆ. ಪೂರ್ತಿ ಚೆಲ್ಲಿದೆ. ಚೆಲ್ಲುವಾಗ ಹೊಟ್ಟೆ ಉರಿಯಿತು, ಆದರೂ ಚೆಲ್ಲಿದೆ. ಪರೀಕ್ಷೆಯ ದಿನ ಮಗುವಿನ ಹೊಟ್ಟೆ ಕೆಡಬಾರದು. ಅವತ್ತು ಅವಲಕ್ಕಿ ಒಗ್ಗರಣೆ ಹಾಕಿಕೊಟ್ಟೆ. ನನ್ನ ಎದೆ ಈಗಲೂ ಹೊಡೆದುಕೊಳ್ಳುವುದು ಒಂದೇ ಯೋಚನೆಗೆ. ಕರೆಂಟ್ ಹೋಗದೇ ಇದ್ದಿದ್ದರೆ ಅದು ಬೆಂದು, ತುಪ್ಪ ಮೆಣಸಿನ ಘಮದಲ್ಲಿ ಆ ಹುಳಿ ಗೊತ್ತೇ ಆಗದೆ, ನಾವೆಲ್ಲ ತಿಂದಿರುತ್ತಿದ್ದೆವು.

ಅಂದಿನಿಂದ ನಮ್ಮ ಮನೆಯಲ್ಲಿ ರಾತ್ರಿಯಿಡೀ ಡಿಲೇ ಇಲ್ಲ. ಹೆಚ್ಚೆಂದರೆ ಎರಡು ಗಂಟೆ, ಅದೂ ಒಣ ಬೇಳೆಗೆ, ಅಕ್ಕಿಗೆ ಮಾತ್ರ. ವಾಕಿಂಗ್‌ಗೆ, ದೇವಸ್ಥಾನಕ್ಕೆ ಹೋಗಿ ಬರುವಷ್ಟು ಹೊತ್ತು. ಬೆಳಗಿನ ಅಡುಗೆಗೆ ಕಾಳನ್ನು ರಾತ್ರಿ ಬೇರೆ ಪಾತ್ರೆಯಲ್ಲಿ ನೆನೆಸಿ ಫ್ರಿಜ್ಜಿನಲ್ಲಿಡುತ್ತೇನೆ. ಬೆಳಿಗ್ಗೆ ಆ ನೀರು ಬಸಿದು, ಹೊಸ ನೀರು ಹಾಕಿ ಕುಕ್ಕರ್ ಇಡುತ್ತೇನೆ. ಕಾಫಿ ಡಿಕಾಕ್ಷನ್ ಇಳಿಯುವಷ್ಟರಲ್ಲಿ ಪ್ರೆಷರ್ ಏರಿರುತ್ತದೆ.

ರಾಜ್ಮಾ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಹಸಿ ರಾಜ್ಮಾದಲ್ಲಿ ಒಂದು ವಿಷದ ಅಂಶವಿದೆ. ಸರಿಯಾಗಿ ಬೇಯದ ನಾಲ್ಕೈದು ಕಾಳು ತಿಂದರೂ ವಾಂತಿ, ಭೇದಿ ಶುರುವಾಗಬಹುದು. ಕಡಿಮೆ ಎಂದರೂ ಐದು ಗಂಟೆ ನೆನೆಸಬೇಕು, ನೆನೆಸಿದ ನೀರು ಚೆಲ್ಲಬೇಕು, ಹೊಸ ನೀರಿನಲ್ಲಿ ಚೆನ್ನಾಗಿ ಕುದಿಯಬೇಕು. ಡಿಲೇ ಇಟ್ಟರೆ ನೆನೆದ ನೀರಿನಲ್ಲೇ ಬೇಯುತ್ತದೆ, ಚೆಲ್ಲುವವರು ಯಾರು? ಅದಕ್ಕಿಂತ ಅಪಾಯ 'ಸ್ಲೋ ಕುಕ್' ಬಟನ್. ಅದು ಕುದಿಸುವುದಿಲ್ಲ, ಸಣ್ಣ ಬಿಸಿಯಲ್ಲಿ ಗಂಟೆಗಟ್ಟಲೆ ಇಡುತ್ತದೆ. ಅಷ್ಟು ಬಿಸಿಗೆ ಆ ವಿಷ ಹೋಗುವುದಿಲ್ಲ, ಬದಲಿಗೆ ಇನ್ನೂ ಹೆಚ್ಚಬಹುದು. ರಾಜ್ಮಾಗೆ ಪ್ರೆಷರ್ ಬಟನ್ ಮಾತ್ರ. ನೆನೆಸಿದ್ದಕ್ಕೆ ನಾನು ಇಪ್ಪತ್ತೈದು ನಿಮಿಷ ಇಡುತ್ತೇನೆ.

ಅಡುಗೆ ಮುಗಿದ ಮೇಲೆ ಕುಕ್ಕರ್ ತಾನಾಗಿ 'ಕೀಪ್ ವಾರ್ಮ್'ಗೆ ಹೋಗುತ್ತದೆ. ಕೆಲವರು ಕರೆಂಟ್ ಉಳಿಸಲು ಅದನ್ನು ಆಫ್ ಮಾಡಿ, ಅನ್ನವನ್ನು ಮುಚ್ಚಿದ ಕುಕ್ಕರಿನಲ್ಲೇ ರಾತ್ರಿಯವರೆಗೆ ಬಿಡುತ್ತಾರೆ. ಅದು ಬೇಡ. ಅಕ್ಕಿಯಲ್ಲಿರುವ ಒಂದು ಜಾತಿಯ ಬ್ಯಾಕ್ಟೀರಿಯಾದ ಬೀಜ ಬೇಯಿಸಿದರೂ ಉಳಿದುಕೊಳ್ಳುತ್ತದೆ, ಅನ್ನ ಉಗುರುಬೆಚ್ಚಗಾದಾಗ ಮತ್ತೆ ಮೊಳೆಯುತ್ತದೆ. ಒಂದೋ ಕೀಪ್ ವಾರ್ಮ್‌ನಲ್ಲೇ ಬಿಸಿಯಾಗಿರಲಿ, ಇಲ್ಲವೇ ಉಣ್ಣುವುದು ಮುಗಿದ ಮೇಲೆ ಅಗಲ ಪಾತ್ರೆಗೆ ಹರವಿ ಆರಿಸಿ ಒಂದೆರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಲಿ. ತಣ್ಣಗಿರುವ ಸಾರನ್ನು ಕೀಪ್ ವಾರ್ಮ್‌ನಲ್ಲಿ ಬಿಸಿ ಮಾಡಲು ಹೋಗಬೇಡಿ. ಅದು ಬಿಸಿ ಕಾಪಾಡುವುದಕ್ಕೆ, ಬಿಸಿ ಮಾಡುವುದಕ್ಕಲ್ಲ.

ಇನ್ನು ಇಡುವ ಜಾಗ. ಗ್ಯಾಸ್ ಒಲೆಯ ಮೇಲೆ ಖಾಲಿ ಜಾಗವಿದೆ ಅಂತ ಕರೆಂಟ್ ಕುಕ್ಕರನ್ನು ಅಲ್ಲಿಡುವವರನ್ನು ನೋಡಿದ್ದೇನೆ. ಯಾರಾದರೂ ಮರೆತು ಬರ್ನರ್ ಹಚ್ಚಿದರೆ ತಳದ ಪ್ಲಾಸ್ಟಿಕ್ ಕರಗಿ ಹತ್ತಿಕೊಳ್ಳುತ್ತದೆ. ಕಪಾಟಿನ ಕೆಳಗೂ ಬೇಡ, ಮಕ್ಕಳ ಕೈಗೆ ವೈರ್ ಸಿಗುವ ಅಂಚಿಗೂ ಬೇಡ. ಸಾವಿರ ವ್ಯಾಟ್‌ನ ಸಾಮಾನು ಇದು, ಗೋಡೆಯ ಪಾಯಿಂಟಿಗೇ ನೇರವಾಗಿ ಹಾಕಿ. ಮಿಕ್ಸಿ, ಕೆಟಲ್ ಎಲ್ಲ ಸಿಕ್ಕಿಸಿದ ಎಕ್ಸ್‌ಟೆನ್ಷನ್ ಬಾಕ್ಸ್‌ಗೆ ಬೇಡ. ಮುಗಿದ ಮೇಲೆ ಪ್ಲಗ್ ಮುಟ್ಟಿ ನೋಡಿ, ಬಿಸಿಯಾಗಿದ್ದರೆ ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಅಮೆರಿಕದಿಂದ ಮಕ್ಕಳು ತಂದುಕೊಟ್ಟ ಕುಕ್ಕರ್ ಅಲ್ಲಿನ 120 ವೋಲ್ಟ್‌ನದು. ನಮ್ಮ 230 ವೋಲ್ಟ್‌ಗೆ ಹಾಕಿದರೆ ಸುಟ್ಟೇ ಹೋಗುತ್ತದೆ.

ಒಳಪಾತ್ರೆ ಇಡುವ ಮೊದಲು ಅದರ ಹೊರತಳವನ್ನು ಒಣಬಟ್ಟೆಯಿಂದ ಒರೆಸಿ, ಕೆಳಗಿನ ಪ್ಲೇಟಿನ ಮೇಲೆ ಅಕ್ಕಿಕಾಳು ಬಿದ್ದಿದೆಯಾ ನೋಡಿ. ನೀರು ಸೇರಿಸಿ ಬೇಳೆ, ಅಕ್ಕಿ ಅರ್ಧ ಪಾತ್ರೆಗಿಂತ ಮೇಲೆ ಬೇಡ, ಉಳಿದದ್ದು ಮೂರರಲ್ಲಿ ಎರಡು ಭಾಗದವರೆಗೆ. ಕಾಳು ಉಬ್ಬಿ ನೊರೆ ವಾಲ್ವಿಗೆ ಸಿಕ್ಕಿಕೊಂಡರೆ ಆವಿಗೆ ದಾರಿಯೇ ಇರುವುದಿಲ್ಲ.

ನಿಮಿಷದ ಲೆಕ್ಕ ಎಲ್ಲರ ಮನೆಗೂ ಒಂದೇ ಅಲ್ಲ. ಕರೆಂಟ್ ಕುಕ್ಕರಿನ ಪ್ರೆಷರ್ ಸಾಮಾನ್ಯವಾಗಿ ಒಲೆಯ ಕುಕ್ಕರಿಗಿಂತ ಸ್ವಲ್ಪ ಕಡಿಮೆ. ಎತ್ತರದ ಊರಲ್ಲಿ ಇನ್ನೊಂದೆರಡು ನಿಮಿಷ ಬೇಕು. ಮಂಗಳೂರಿನ ತಂಗಿಯ ಲೆಕ್ಕ ಮಡಿಕೇರಿಯ ಅಕ್ಕನಿಗೆ ಹೊಂದುವುದಿಲ್ಲ. ನಮ್ಮಲ್ಲಿ ಸೋನಾ ಮಸೂರಿ ಅಕ್ಕಿಗೆ ಐದು, ಹೆಸರುಬೇಳೆಗೆ ಐದು, ತೊಗರಿಬೇಳೆಗೆ ಎಂಟು, ನೆನೆಸಿದ ಕಡಲೆಕಾಳಿಗೆ ಹದಿನೈದು. ಹಳೇ ಬೇಳೆಯಾದರೆ ಎರಡು ಜಾಸ್ತಿ. ಇದನ್ನೆಲ್ಲ ಚೀಟಿಯಲ್ಲಿ ಬರೆದು ಕುಕ್ಕರಿನ ಮೇಲಿನ ಗೋಡೆಗೆ ಅಂಟಿಸಿದ್ದೇನೆ. ಗ್ಯಾಸ್ಕೆಟ್ ಬದಲಿಸಿದ ತಾರೀಕೂ ಅದರಲ್ಲೇ ಇದೆ, ವರ್ಷಕ್ಕೊಮ್ಮೆ ಹೊಸದು ಹಾಕುತ್ತೇವೆ. ಮೊನ್ನೆ ನೋಡಿದರೆ ಚೀಟಿಯ ಕೆಳಗೆ ಸೊಸೆ ಕೆಂಪು ಪೆನ್ನಿನಲ್ಲಿ ಒಂದು ಸಾಲು ಸೇರಿಸಿದ್ದಾಳೆ: "ಪಿನ್ ಇಳಿದಿದೆಯಾ?"