ಮೂರನೆಯ ಡಿಕೋಡರ್ ಉಳಿದುಕೊಂಡದ್ದು ಹೇಗೆ: ಹಳೆಯ ಎಸ್‌ಡಿ40-2 ಜೊತೆ ನನ್ನ ಅನುಭವ

ನನ್ನ ಎಚ್‌ಓ ಅಳತೆಯ (ನಿಜ ಗಾತ್ರದ 87ನೇ ಒಂದು ಭಾಗದಷ್ಟಿರುವ) ಆಟಿಕೆ ರೈಲಿನ ಎಸ್‌ಡಿ40-2 ಇಂಜಿನ್ ಈಗ ವೇಗದ 128 ಹಂತಗಳ ಪೈಕಿ ಮೊದಲನೆಯದರಲ್ಲೇ, ಒಂದು ಸ್ಲೀಪರಿನಿಂದ ಮುಂದಿನದಕ್ಕೆ ಸರಿಯಲು ಒಂದು ಸೆಕೆಂಡಿಗೂ ಹೆಚ್ಚು ಸಮಯ ತೆಗೆದುಕೊಂಡು, ಎಲ್ಲಿಯೂ ತಡವರಿಸದೆ ಸಾಗುತ್ತದೆ. ಇದನ್ನು ಮೊದಲು ಬರೆಯಲು ಕಾರಣವಿದೆ. ಈ ಹವ್ಯಾಸದಲ್ಲಿ ನನಗಿಂತ ಹಿರಿಯರಾದ ಇಬ್ಬರು, ಇಷ್ಟು ಹಳೆಯ ಮೋಟರಿಗೆ ಇಂದಿನ ಸಣ್ಣ ಡಿಕೋಡರ್ (ಹಳಿಯ ಮೂಲಕ ಬರುವ ಡಿಜಿಟಲ್ ಆಜ್ಞೆಯನ್ನು ಓದಿ ಮೋಟರನ್ನೂ ದೀಪವನ್ನೂ ನಡೆಸುವ ಸರ್ಕ್ಯೂಟ್) ತಾಳುವುದಿಲ್ಲ, ಇನ್ನು ದುಡ್ಡು ಸುರಿಯದೆ ಶೋಕೇಸಿನಲ್ಲಿಡಿ ಎಂದು ಹೇಳಿದ್ದರು. ಎರಡು ಡಿಕೋಡರುಗಳನ್ನು ಕಳೆದುಕೊಂಡಾಗ ನಾನೂ ಹಾಗೆಯೇ ಮಾಡುವವನಿದ್ದೆ. ಆದರೆ ಹುಬ್ಬಳ್ಳಿಯ ಡೀಸೆಲ್ ಶೆಡ್ಡಿನ ಡಬ್ಲ್ಯುಡಿಜಿ-4 ಸರಕು ರೈಲಿನ ಇಂಜಿನುಗಳನ್ನು ಮನಸ್ಸಿಗೆ ಹಚ್ಚಿಕೊಂಡ ನನಗೆ, ಅವುಗಳನ್ನು ರೂಪಿಸಿದ ಅದೇ ಅಮೆರಿಕದ ಇಎಂಡಿ ಕಂಪನಿಯ ಮನೆತನದ ಹಿರಿಯಣ್ಣನಂತಿರುವ, 1972ರಲ್ಲಿ ಹಳಿಗೆ ಬಂದ ಈ ಇಂಜಿನ್ನಿನ ಮಾದರಿಯನ್ನು ಗಾಜಿನ ಹಿಂದೆ ನಿಲ್ಲಿಸಲು ಮನಸ್ಸಾಗಲಿಲ್ಲ.

ಇದನ್ನು ಸೆಕೆಂಡ್ ಹ್ಯಾಂಡ್ ಆಗಿ ಸುಮಾರು ಆರು ಸಾವಿರ ರೂಪಾಯಿಗೆ ಕೊಂಡಿದ್ದೆ. ಹಿಂದಿನ ಮಾಲೀಕರು ಹಾಕಿಸಿದ್ದ ಡಿಕೋಡರ್ ಸತ್ತಿತ್ತು. ಡಿಕೋಡರ್ ಸಿಕ್ಕಿಸುವ ಸಾಕೆಟ್ ಇಲ್ಲದ ಕಾಲದ ಇಂಜಿನ್ ಆದ್ದರಿಂದ ವೈರುಗಳನ್ನು ನೇರವಾಗಿ ಬೆಸೆಯಲಾಗಿತ್ತು. ಹಳೆಯದನ್ನು ಕತ್ತರಿಸಿ, ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು, ಕಿತ್ತಳೆಗೆ ಕಿತ್ತಳೆ, ಬೂದಿಗೆ ಬೂದಿ ಎಂದು ಹೊಸದನ್ನು ಜೋಡಿಸಿದರೆ ಮುಗಿಯಿತೆಂದು ನಂಬಿ ಅಷ್ಟನ್ನೇ ಮಾಡಿದೆ. ಡಿಕೋಡರಿನ ಸೆಟ್ಟಿಂಗುಗಳನ್ನು ಓದಿ ಬರೆಯುವ ಪ್ರೋಗ್ರಾಮಿಂಗ್ ಹಳಿಯ ಮೇಲೆ ವಿಳಾಸವೂ (ಇಂಜಿನ್ನನ್ನು ಕರೆಯುವ ಸಂಖ್ಯೆ) ಸರಿಯಾಗಿ ಓದಿತು. ಮುಖ್ಯ ಹಳಿಗೆ ತಂದು, ಐದು ವ್ಯಾಗನ್ ಕಟ್ಟಿ, ವೇಗ ಏರಿಸಿದ ಕೆಲವೇ ಕ್ಷಣಗಳಲ್ಲಿ ಸುಟ್ಟ ವಾಸನೆ ಬಂತು. ತರಿಸುವ ಖರ್ಚು, ಕಸ್ಟಮ್ಸ್ ಸುಂಕ ಎಲ್ಲ ಸೇರಿ ಸುಮಾರು ಮೂರೂವರೆ ಸಾವಿರ ರೂಪಾಯಿ ಅಲ್ಲಿಗೆ ಹೋಯಿತು.

ಕಾರಣ ಗೊತ್ತಾಗಲು ಎರಡು ಭಾನುವಾರಗಳು ಬೇಕಾದವು. ಈ ಹಳೆಯ ವಿನ್ಯಾಸದಲ್ಲಿ ಇಡೀ ಲೋಹದ ಚಾಸಿಯೇ ಒಂದು ಹಳಿಯ ವಿದ್ಯುತ್ತನ್ನು ಹೊರುತ್ತದೆ, ಮೋಟರಿನ ಕೆಳಗಿನ ಬ್ರಶ್ (ಮೋಟರಿನೊಳಗೆ ಕರೆಂಟ್ ಸಾಗಿಸುವ ಕಾರ್ಬನ್ ತುಂಡು) ಕ್ಲಿಪ್ಪಿನ ಎರಡು ಸಣ್ಣ ನಾಲಿಗೆಗಳು ಆ ಚಾಸಿಯನ್ನೇ ಒತ್ತಿಕೊಂಡಿರುತ್ತವೆ. ಡಿಕೋಡರ್ ಹಾಕುವಾಗ, ಹಳಿಯ ವಿದ್ಯುತ್ತು ನೇರವಾಗಿ ಮೋಟರಿಗೆ ತಾಗದಂತೆ, ಈ ನಂಟನ್ನು ಕಡಿಯಲೇಬೇಕೆಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಹಿಂದಿನವರು ಅಲ್ಲಿ ಸಾಧಾರಣ ಇನ್ಸುಲೇಶನ್ ಟೇಪ್ ಅಂಟಿಸಿದ್ದರು, ಅದನ್ನು ಕಂಡು ನಾನು ಕೆಲಸವಾಗಿದೆ ಎಂದುಕೊಂಡೆ. ವರ್ಷಗಳ ಶಾಖಕ್ಕೂ ಎಣ್ಣೆಗೂ ಟೇಪಿನ ಅಂಟು ಕರಗಿ ಜಾರಿತ್ತು. ಇಂಜಿನ್ ಸುಮ್ಮನೆ ನಿಂತಾಗ ಮೀಟರಿನಲ್ಲಿ ಶಾರ್ಟ್ ಕಾಣುತ್ತಿರಲಿಲ್ಲ, ಭಾರ ಬಿದ್ದು ಮೋಟರ್ ತನ್ನ ರಬ್ಬರ್ ಕಾಲುಗಳ ಮೇಲೆ ಕೂದಲೆಳೆಯಷ್ಟು ತಿರುಚಿಕೊಂಡಾಗ ಮಾತ್ರ ನಾಲಿಗೆ ಚಾಸಿಗೆ ತಾಗುತ್ತಿತ್ತು. ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು ಮೋಟರನ್ನು ಬೆರಳಿನಿಂದ ಎಡಕ್ಕೂ ಬಲಕ್ಕೂ ತಿರುಚುತ್ತಿರುವಾಗ ಒಮ್ಮೆ ಕಿರ್ರೆಂದು ಕೇಳಿಸಿತು. ಅಂದಿನಿಂದ ಮೋಟರನ್ನು ತಿರುಚದೆ ಯಾವ ಪರೀಕ್ಷೆಯನ್ನೂ ನಾನು ಮುಗಿಸುವುದಿಲ್ಲ.

ಎರಡನೆಯ ಡಿಕೋಡರ್ ಪೂರ್ತಿ ಸಾಯಲಿಲ್ಲ, ಮುಂದೀಪದ ಔಟ್‌ಪುಟ್ ಮಾತ್ರ ಹೋಯಿತು. ಹಳೆಯ ಬಲ್ಬಿನ ಹಿತ್ತಾಳೆ ಕ್ಲಿಪ್ ಕೂಡ ಚಾಸಿಯ ಮೇಲೆಯೇ ಕೂತಿದ್ದುದನ್ನು ಗಮನಿಸದೆ ಬಿಳಿ ವೈರನ್ನು ಅದಕ್ಕೆ ಬೆಸೆದದ್ದು ನನ್ನ ತಪ್ಪು. ಆ ಡಿಕೋಡರ್ ಈಗ ದೀಪವಿಲ್ಲದ ಒಂದು ಶಂಟಿಂಗ್ ಇಂಜಿನ್ನಿನಲ್ಲಿ ಚೆನ್ನಾಗಿ ದುಡಿಯುತ್ತಿದೆ.

ಮೂರನೆಯದನ್ನು ತರಿಸುವ ಮೊದಲು ಹಿರಿಯರ ಮಾತನ್ನು ಅಳೆದೇ ನೋಡಬೇಕೆನಿಸಿತು. 12 ವೋಲ್ಟ್ ಕೊಟ್ಟು ಫ್ಲೈವೀಲನ್ನು ಬೆರಳಲ್ಲಿ ಹಿಡಿದು ನಿಲ್ಲಿಸಿದಾಗ ಮೋಟರ್ ಸುಮಾರು 1.6 ಆಂಪಿಯರ್ ಎಳೆಯಿತು. ನನ್ನ ಡಿಕೋಡರಿನ ನಿರಂತರ ಸಾಮರ್ಥ್ಯ 1 ಆಂಪಿಯರ್, ಕ್ಷಣಿಕವಾಗಿ 2. ಈ ಲೆಕ್ಕದಲ್ಲಿ ಅವರ ಮಾತು ಸರಿ. ಆದರೆ ಹಳಿಯ ಮೇಲೆ ಓಡುವಾಗ ಈ ಇಂಜಿನ್ನಿನ ಮೋಟರ್ ನಿಲ್ಲುವುದಕ್ಕೆ ಮೊದಲೇ ಚಕ್ರಗಳು ಜಾರಲು ತೊಡಗುತ್ತವೆ. ಕಪ್ಲಿಂಗನ್ನು ಹಿಡಿದು, ಚಕ್ರಗಳು ಇದ್ದಲ್ಲೇ ಜಾರಿ ತಿರುಗುವಂತೆ ಮಾಡಿ ಅಳೆದರೆ ಬಂದದ್ದು 0.9ರ ಆಸುಪಾಸು. ಒಣಗಿ ಮೇಣದಂತಾಗಿದ್ದ ಗ್ರೀಸನ್ನು ಗೇರುಗಳಿಂದ ತೆಗೆದು, ಬ್ರಶ್ಶುಗಳು ಉಜ್ಜುವ ತಾಮ್ರದ ಉರುಳೆಯಾದ ಕಮ್ಯುಟೇಟರಿನ ಸಂದುಗಳಲ್ಲಿ ಕೂತ ಕಾರ್ಬನ್ ಪುಡಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಕಡ್ಡಿಯಿಂದ ಒರೆಸಿದ ಮೇಲೆ ಅದು 0.65ಕ್ಕೆ ಇಳಿಯಿತು. ಗೇರ್ ಪೂರ್ತಿ ಸಿಕ್ಕಿಕೊಂಡರೆ ಮಾತ್ರ ಅಪಾಯ, ಅದಕ್ಕೆ ಕಣ್ಣಿಟ್ಟಿರಬೇಕು. ಜಾರುವಾಗಿನ ಅಂಕಿಯನ್ನು ಬಿಟ್ಟು ತಡೆದು ನಿಲ್ಲಿಸಿದಾಗಿನ ಅಂಕಿಯೊಂದನ್ನೇ ನೋಡಿ ಹಳೆಯ ಇಂಜಿನುಗಳನ್ನು ಮೂಲೆಗೆ ಹಾಕುವುದು ಸರಿಯಲ್ಲವೆಂದು ಅಂದೇ ನಿಶ್ಚಯಿಸಿದೆ.

ಮೋಟರನ್ನು ಹೊರತೆಗೆದು, ಕೆಳಗಿನ ಕ್ಲಿಪ್ಪಿನ ನಾಲಿಗೆಗಳನ್ನು ಕತ್ತರಿಸಿ ಅರದಿಂದ ಸಮ ಮಾಡಿದೆ. ಕ್ಲಿಪ್ಪನ್ನು ಮೋಟರಿನ ಮೇಲಿಟ್ಟೇ ಬೆಸುಗೆ ಹಾಕಬಾರದು, ಶಾಖಕ್ಕೆ ಪ್ಲಾಸ್ಟಿಕ್ ಮೆತ್ತಗಾಗುತ್ತದೆ. ಅದನ್ನು ತೆಗೆದು ಡಿಕೋಡರಿನಿಂದ ಮೋಟರಿಗೆ ಬರುವ ಬೂದು ವೈರನ್ನು ಬೆಸೆದು ಮತ್ತೆ ಕೂರಿಸಬೇಕು, ತೆಗೆಯುವಾಗ ಬ್ರಶ್ಶಿನ ಸ್ಪ್ರಿಂಗ್ ಹಾರದಂತೆ ಬೆರಳು ಅಡ್ಡವಿರಬೇಕು. ಚಾಸಿಯ ತಳಕ್ಕೆ ಶಾಖ ತಾಳುವ ಕ್ಯಾಪ್ಟಾನ್ (Kapton) ಟೇಪ್ ಎರಡು ಪದರ, ಅದರ ಮೇಲೆ ಹಳೆಯ ಎಕ್ಸ್-ರೇ ಹಾಳೆಯ ಒಂದು ತುಂಡು ಹಾಕಿದೆ. ಈ ಹಾಳೆ ಮೋಟರಿನಡಿಯಿಂದ ಜಾರದಂತೆ ಹಿಡಿದಿಡುವ ಉಪಾಯವೊಂದನ್ನು ನಾನೇ ಕಂಡುಕೊಂಡಿದ್ದೇನೆ, ಸದ್ಯಕ್ಕೆ ಅದು ನನ್ನಲ್ಲೇ ಇರಲಿ. ದೀಪಕ್ಕೆ ಬಲ್ಬಿನ ಬದಲು ಎಲ್‌ಇಡಿ ಹಾಕಿ, ನೀಲಿ ವೈರನ್ನು ಒಂದು ಕಡೆಗೂ ಬಿಳಿಯನ್ನು 1 ಕಿಲೋಓಮ್ ರೆಸಿಸ್ಟರಿನ ಮೂಲಕ ಇನ್ನೊಂದು ಕಡೆಗೂ ಕೊಟ್ಟೆ. ಎರಡೂ ಈಗ ಚಾಸಿಯಿಂದ ದೂರ. ಡಿಕೋಡರನ್ನು ಕೊಳವೆಯಲ್ಲಿ ಬಿಗಿಯಾಗಿ ಸುತ್ತದೆ ಗಾಳಿಯಾಡುವಂತೆ ಬಿಟ್ಟಿದ್ದೇನೆ.

ಮೊದಲ ಓಟಕ್ಕೆ ಹಳಿಗೆ ಹೋಗುವ ಒಂದು ವೈರಿನಲ್ಲಿ 12 ವೋಲ್ಟ್ 5 ವ್ಯಾಟಿನ ಬೈಕ್ ಪಾರ್ಕಿಂಗ್ ಬಲ್ಬನ್ನು ಸರಣಿಯಲ್ಲಿ ಸೇರಿಸಿದ್ದೆ. ಶಾರ್ಟ್ ಇದ್ದರೆ ಬಲ್ಬ್ ಉರಿದು ಕರೆಂಟನ್ನು ತಡೆಯುತ್ತದೆ. ಅಂಗಡಿಯಲ್ಲಿ ಅದಕ್ಕೆ ಹದಿನೈದು ರೂಪಾಯಿಯೋ ಇಪ್ಪತ್ತೋ ಕೊಟ್ಟ ನೆನಪು, ಮೊದಲೇ ಇದ್ದಿದ್ದರೆ ಏಳು ಸಾವಿರದಷ್ಟು ಉಳಿಯುತ್ತಿತ್ತು. ಬಲ್ಬ್ ಕತ್ತಲಾಗಿಯೇ ಇತ್ತು, ಇಂಜಿನ್ ಸರಿದಾಡಿತು. ಆದರೆ ಮುಂದಕ್ಕೆ ಎಂದರೆ ಹಿಂದಕ್ಕೆ ಹೋಗುತ್ತಿತ್ತು. ಮತ್ತೆ ಬೆಸುಗೆ ಬಿಚ್ಚುವ ಬದಲು ಸಿವಿ (ಡಿಕೋಡರಿನ ನಡತೆ ನಿರ್ಧರಿಸುವ, ಸಂಖ್ಯೆಯಿಂದ ಗುರುತಿಸುವ ಸೆಟ್ಟಿಂಗ್) 29ಕ್ಕೆ 35 ಬರೆದೆ. ಇದರಲ್ಲಿ ದಿಕ್ಕು ತಿರುವು, 128 ಹಂತ, ಉದ್ದ ವಿಳಾಸ ಮೂರೂ ಸೇರಿವೆ. ವಿಳಾಸಕ್ಕೆ ಡಬ್ಲ್ಯುಡಿಜಿ-4 ಸರಣಿಯ ಮೊದಲ ಸಂಖ್ಯೆ 12001 ಕೊಡುವ ಆಸೆ ಇತ್ತು, ನನ್ನ ಕಂಟ್ರೋಲರ್ 9999ರ ಮೇಲೆ ಒಪ್ಪುವುದಿಲ್ಲವಾದ್ದರಿಂದ 2001 ಕೊಟ್ಟೆ: ಸಿವಿ 17ರಲ್ಲಿ 199, ಸಿವಿ 18ರಲ್ಲಿ 209. ಹೊರಡುವ ವೋಲ್ಟೇಜಿನ ಸಿವಿ 2ರಲ್ಲಿ 4, ವೇಗ ಏರುವ ಸಿವಿ 3ರಲ್ಲಿ ಹದಿನೆಂಟರಷ್ಟು ಇಟ್ಟ ನೆನಪು. ತಿರುಗುವ ಮೋಟರ್ ತಾನೇ ಹುಟ್ಟಿಸುವ ವೋಲ್ಟೇಜನ್ನು ನೋಡಿ ವೇಗವನ್ನು ಹದವಾಗಿಡುವ ಬ್ಯಾಕ್ ಇಎಂಎಫ್‌ನ ಸಂಖ್ಯೆಗಳು ಹಲವು ರಾತ್ರಿಗಳ ದುಡಿಮೆಯ ಫಲ, ಅವನ್ನು ಇಲ್ಲಿ ಕೊಡುತ್ತಿಲ್ಲ.

ನಡುವೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಹಳಿ ಬದಲಿಸುವ ಕೊಳೆಯಾದ ಪಾಯಿಂಟುಗಳ ಮೇಲೆ ಇಂಜಿನ್ ನಿಲ್ಲದಿರಲೆಂದು 25 ವೋಲ್ಟಿನ 1000 ಮೈಕ್ರೊಫ್ಯಾರಡ್ ಕೆಪಾಸಿಟರುಗಳೆರಡನ್ನು 100 ಓಮ್ ರೆಸಿಸ್ಟರ್ ಮತ್ತು ಡಯೋಡಿನೊಂದಿಗೆ ಡಿಕೋಡರಿಗೆ ಸೇರಿಸಿದೆ. ಓಟ ಬಹಳ ಹಸನಾಯಿತು, ಆದರೆ ಪ್ರೋಗ್ರಾಮಿಂಗ್ ಹಳಿಯಲ್ಲಿ ಸಿವಿ ಓದುವುದೇ ನಿಂತುಹೋಯಿತು, ಮೂರನೆಯದೂ ಕೈಬಿಟ್ಟಿತೆಂದು ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಕೆಪಾಸಿಟರಿನ ಒಂದು ಕಾಲನ್ನು ಬಿಡಿಸಿದ ಕೂಡಲೇ ಎಲ್ಲವನ್ನೂ ಓದಿತು. ಅದು ತುಂಬಿಕೊಳ್ಳಲು ಎಳೆಯುವ ಕರೆಂಟಿನಲ್ಲಿ ಡಿಕೋಡರಿನ ಉತ್ತರದ ಮಿಡಿತ ಮುಳುಗಿಹೋಗುತ್ತಿತ್ತು. ಈಗ ಓದುವಾಗ ಕೆಪಾಸಿಟರನ್ನು ಬೇರ್ಪಡಿಸಲು ಇಂಧನ ಟ್ಯಾಂಕಿನ ಬದಿಯಲ್ಲಿ ಸಣ್ಣ ಸ್ವಿಚ್ ಇಟ್ಟಿದ್ದೇನೆ.

ಎಲ್ಲ ಸೇರಿ ಡಿಕೋಡರುಗಳಿಗೇ ಹತ್ತು ಸಾವಿರದ ಮೇಲಾಗಿದೆ, ಇಂಜಿನ್ನಿನ ಬೆಲೆಗಿಂತ ಹೆಚ್ಚು. ಕಳೆದ ತಿಂಗಳು ಆ ಹಿರಿಯರಿಬ್ಬರೂ ಮನೆಗೆ ಬಂದಿದ್ದಾಗ ಹದಿನಾಲ್ಕು ವ್ಯಾಗನ್ ಕಟ್ಟಿ ಮುಕ್ಕಾಲು ಗಂಟೆ ಓಡಿಸಿದೆ. ಡಿಕೋಡರಿನ ಮೇಲೆ ಬೆರಳಿಟ್ಟು ನೋಡಿದರು, ಬೆಚ್ಚಗಿತ್ತು ಅಷ್ಟೇ. ಹೊರಡುವಾಗ ಒಬ್ಬರು ತಮ್ಮ ಕಪಾಟಿನಲ್ಲಿ ಹತ್ತು ವರ್ಷದಿಂದ ಮಲಗಿರುವ ಇಂಥದೇ ಇಂಜಿನ್ ತಂದುಕೊಡುವುದಾಗಿ ಹೇಳಿದರು. ಅದರ ಕಮ್ಯುಟೇಟರನ್ನು ಈ ಭಾನುವಾರ ಬಿಚ್ಚಬೇಕು.